ಅಳತೆಯ ಮಾತು

ನಮ್ಮ ಕೋಲಾರದ ಸೀಮೆಯಲ್ಲಿ ಅಳತೆಗೆ ಸಿಕ್ಕದ ಪದಾರ್ಥ ಬಹಳ ಕಡಮೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊವನ್ನು ೧೫ ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜು ಕೂಗುತ್ತಾರೆ. ಶ್ರೀನಿವಾಸಪುರದ ಮಾವು ಟನ್ನಿನ ಲೆಕ್ಕದಲ್ಲಿ ಲಾರಿ ಏರುತ್ತದೆ. ಮಾಲೂರಿನ ಇಟ್ಟಿಗೆಯನ್ನು ಸಾವಿರಕ್ಕೆ ಇಷ್ಟೆಂದು ಮಾರುತ್ತಾರೆ. ರೇಷ್ಮೆಯ ಗೂಡಿಗೂ ಡೈರಿಯ ಹಾಲಿಗೂ ಅದರದರ ಅಳತೆ ಉಂಟು. ಇವುಗಳಲ್ಲಿ ಅಳೆಯುವವರು ಯಾರು, ಆ ಅಳತೆಗೆ ಒಪ್ಪಬೇಕಾದವರು ಯಾರು ಎಂಬುದು ಬಹು ಹಿಂದೆಯೇ ಇತ್ಯರ್ಥವಾಗಿದೆ. ಸಂದೇಹ ಬಂದರೆ ಮತ್ತೊಮ್ಮೆ ತೂಗಿಸುತ್ತಾರೆ. ಹೆಂಗಸಿನ ಮೈಯ ಅಳತೆ ಮಾತ್ರ ಹೀಗೆ ಇತ್ಯರ್ಥವಾದುದಲ್ಲ. ಅದನ್ನು ಕವಿ ಅಳೆದಿದ್ದಾನೆ, ಶಿಲ್ಪಿ ಅಳೆದಿದ್ದಾನೆ, ದರ್ಜಿ ಅಳೆಯುತ್ತಾನೆ, ಬೀದಿಯಲ್ಲಿ ನಿಂತವನು ಕಣ್ಣಿನಲ್ಲಿಯೇ ಅಳೆಯುತ್ತಾನೆ. ಈಚಿನ ಅರವತ್ತು ವರ್ಷಗಳಿಂದ ಶಸ್ತ್ರವೈದ್ಯರೂ ಅಳೆಯತೊಡಗಿದ್ದಾರೆ. ಆ ಮೈಯನ್ನು ಹೊತ್ತವಳನ್ನು ಮೊದಲು ಕೇಳುವ ಪದ್ಧತಿ ಇನ್ನೂ ನಮ್ಮಲ್ಲಿ ನೆಲೆಯೂರಿಲ್ಲ.

ಈ ಮಾತನ್ನು ನಾನು ಚರ್ಚೆಯ ಸೊಗಸಿಗಾಗಿ ಎತ್ತಿಕೊಂಡವಳಲ್ಲ. ನನ್ನ ಎದೆಯಲ್ಲಿ ಹನ್ನೆರಡು ವರ್ಷಗಳಿಂದ ಎರಡು ಸಿಲಿಕೋನ್ ಇಂಪ್ಲಾಂಟುಗಳಿವೆ. ಅವನ್ನು ತೆಗೆಸಿ ಅವಕ್ಕಿಂತ ಚಿಕ್ಕವನ್ನು ಇಡಿಸಿಕೊಳ್ಳಬೇಕೆ, ತೆಗೆಸಿ ಸುಮ್ಮನಾಗಬೇಕೆ, ಇದ್ದುದು ಇದ್ದಂತೆಯೇ ಇರಲೆಂದು ಬಿಡಬೇಕೆ ಎಂಬುದು ಕಳೆದ ಒಂದು ವರ್ಷದಿಂದ ನನ್ನ ಮುಂದಿರುವ ಪ್ರಶ್ನೆ. ನಾನು ಹುಟ್ಟಿದುದು ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ. ಸೇರಿದ ಮನೆ ಮಾಲೂರಿನದು. ಮೊದಲು ಪಾಠ ಹೇಳಿದುದು ಮುಳಬಾಗಿಲಿನಲ್ಲಿ. ಈಗ ಇರುವುದು ಕೋಲಾರದಲ್ಲಿ. ಈ ನಾಲ್ಕು ಊರುಗಳಲ್ಲಿಯೂ ನನ್ನಂಥವರು ಇದ್ದೇ ಇದ್ದಾರು. ಬೆಂಗಳೂರು ಎರಡು ಗಂಟೆಯ ಬಸ್ಸಿನ ದಾರಿಯಾಗಿರುವಾಗ ಇಲ್ಲದೆ ಇರುವುದು ಹೇಗೆ? ಆದರೆ ಈ ವಿಷಯವಾಗಿ ಕನ್ನಡದಲ್ಲಿ ಆಡುವ ಮಾತು ಪಿಸುದನಿಯನ್ನು ಬಿಟ್ಟು ಮೇಲಕ್ಕೆ ಬಂದಿಲ್ಲ. ತಿಳಿದಷ್ಟನ್ನು ಬರೆದಿಡುವುದು ಒಳ್ಳೆಯದೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ೨೦೧೩ರಲ್ಲಿ, ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನಾನು ಆ ಶಸ್ತ್ರಚಿಕಿತ್ಸೆಯನ್ನು ಯಾರ ಬಲವಂತದಿಂದಲೂ ಮಾಡಿಸಿಕೊಂಡುದಲ್ಲ. ನನ್ನ ಎದೆ ಬಹು ಚಿಕ್ಕದಾಗಿದ್ದಿತು. ಹಾಗಿರುವುದು ರೋಗವಲ್ಲವೆಂದು ನನಗೂ ಗೊತ್ತಿದ್ದಿತು. ಆದರೂ ಬೇರೆಯಾಗಿ ಇರಬೇಕೆಂಬ ಆಸೆ ಇದ್ದಿತು, ಸ್ವಂತ ಸಂಬಳದಲ್ಲಿ ಉಳಿಸಿದ ಹಣ ಇದ್ದಿತು. ಮಾಡಿಸಿಕೊಂಡೆ, ಅನೇಕ ವರ್ಷ ಸಂತೋಷವಾಗಿಯೇ ಇದ್ದೆ. ಎರಡು ವರ್ಷಗಳ ಮೇಲೆ ಮಗಳು ಹುಟ್ಟಿದಳು. ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗೆ ಇಟ್ಟಿದ್ದರು. ಹಾಲಿನ ಗ್ರಂಥಿಗಳಿಗೆ ಧಕ್ಕೆ ಬಂದಿರಲಿಲ್ಲ. ಮಗುವಿಗೆ ಹತ್ತು ತಿಂಗಳು ಎದೆಹಾಲನ್ನೇ ಕೊಟ್ಟೆ. ಆಗಿನ ನಿರ್ಧಾರವನ್ನು ತಪ್ಪೆಂದು ಈಗ ನಾನು ಕರೆಯುವುದಿಲ್ಲ. ಇಪ್ಪತ್ತೊಂಬತ್ತರ ಮೈಗೆ ಅದು ಒಪ್ಪಿದ್ದಿತು. ನಲವತ್ತೊಂದರ ಮೈ ಬೇರೊಂದನ್ನು ಕೇಳುತ್ತಿದೆ.

ಅಂದಿನ ಸಮಾಲೋಚನೆಯಲ್ಲಿ ಒಂದು ಸಂಗತಿ ಮಾತ್ರ ನನ್ನ ಇಷ್ಟದಂತೆ ನಡೆಯಲಿಲ್ಲ. ನಾನು ಕೇಳಿದುದು ಚಿಕ್ಕ ಅಳತೆಯನ್ನು. ಶಸ್ತ್ರವೈದ್ಯರು ನಕ್ಕು, “ದೊಡ್ಡದಾಯಿತೆಂದು ಬಂದವರು ಕಡಮೆ, ಚಿಕ್ಕದಾಯಿತೆಂದು ಕೊರಗಿಕೊಂಡು ಬರುವವರೇ ಹೆಚ್ಚು” ಎಂದರು. ಕೊನೆಗೆ ೩೭೫ ಸಿ.ಸಿ.ಯ ಅಳತೆ ನಿಷ್ಕರ್ಷೆಯಾಯಿತು. ಮುಂದೆ ಬಸಿರು, ಬಾಣಂತನ, ವಯಸ್ಸು ಇವುಗಳಿಂದ ನನ್ನ ಸ್ವಂತ ಮಾಂಸವೂ ಬೆಳೆಯಿತು. ಆಗ ಕಾಣದಿದ್ದ ಹೆಚ್ಚಳ ಈಗ ಕಾಣುತ್ತಿದೆ. ಒಳಉಡುಪಿನ ಪಟ್ಟಿ ಹೆಗಲಿನ ಮೇಲೆ ಗೆರೆ ಕೊರೆದಿದೆ. ಬೋರಲು ಮಲಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅಂತರಗಂಗೆಯ ಮೆಟ್ಟಿಲುಗಳನ್ನು ಮಗಳು ಓಡಿಕೊಂಡು ಇಳಿಯುತ್ತಾಳೆ. ನಾನು ಎದೆಯ ಮೇಲೆ ಕೈ ಕಟ್ಟಿಕೊಂಡು ಒಂದೊಂದಾಗಿ ಇಳಿಯುತ್ತೇನೆ. ಮಾಲೂರಿನಲ್ಲಿ ರವಿಕೆ ಹೊಲಿಯುವಾಕೆ ಟೇಪನ್ನು ಎರಡು ಸಲ ಹಿಡಿದು ನೋಡಿ, “ಟೀಚರಮ್ಮ, ಎದೆಯ ಅಳತೆಗೆ ಹೊಲಿದರೆ ಭುಜ ಜಾರುತ್ತೆ, ಭುಜದ ಅಳತೆಗೆ ಹೊಲಿದರೆ ಹುಕ್ ಕೂರಲ್ಲ” ಎನ್ನುತ್ತಾಳೆ. ಸಣ್ಣ ಸಂಗತಿಗಳು, ಆದರೆ ದಿನವೂ ಇರುವಂಥವು.

ಈ ಸಾಧನದ ಚರಿತ್ರೆಯನ್ನು ಓದತೊಡಗಿದಾಗ ಕುತೂಹಲಕರವಾದ ವಿಷಯಗಳು ತಿಳಿದುವು. ೧೮೯೫ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ವಿನ್ಸೆಂಜ್ ಚರ್ನಿ ಎಂಬ ಶಸ್ತ್ರವೈದ್ಯನು, ಗಡ್ಡೆ ತೆಗೆದುದರಿಂದ ಬರಿದಾದ ಒಬ್ಬಾಕೆಯ ಸ್ತನಕ್ಕೆ ಆಕೆಯ ಮೈಯಲ್ಲಿಯೇ ಬೇರೆ ಕಡೆ ಬೆಳೆದಿದ್ದ ಕೊಬ್ಬಿನ ಗಡ್ಡೆಯನ್ನು ತಂದು ಸೇರಿಸಿದನು. ಅದು ಕಳೆದುದನ್ನು ತುಂಬುವ ಕೆಲಸ. ಇದ್ದ ಅಳತೆಯನ್ನು ಹೆಚ್ಚಿಸುವುದಕ್ಕಾಗಿ ಸಿಲಿಕೋನ್ ಜೆಲ್ಲಿನ ಚೀಲವನ್ನು ಮೊದಲು ಇಟ್ಟುದು ೧೯೬೨ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಥಾಮಸ್ ಕ್ರೋನಿನ್, ಫ್ರಾಂಕ್ ಜೆರೊ ಎಂಬಿಬ್ಬರು ಅದನ್ನು ರೂಪಿಸಿದವರು. ರಕ್ತ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಒತ್ತಿದಾಗ ಅದರ ಮೃದುತ್ವವನ್ನು ಕಂಡು ಜೆರೊಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಮೊದಲು ಇಡಿಸಿಕೊಂಡಾಕೆ ಟಿಮ್ಮಿ ಜೀನ್ ಲಿಂಡ್ಸೆ. ಆಕೆ ಆಸ್ಪತ್ರೆಗೆ ಹೋದುದು ಎದೆಯ ಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳುವುದಕ್ಕೆ. ಆಕೆಗೆ ಆಸೆ ಇದ್ದುದು ಚಾಚಿಕೊಂಡಿದ್ದ ಕಿವಿಗಳನ್ನು ಸರಿಪಡಿಸಿಕೊಳ್ಳುವುದರಲ್ಲಿ. ಕಿವಿಯ ಕೆಲಸವನ್ನೂ ಮಾಡಿಕೊಡುತ್ತೇವೆ, ಇದನ್ನೂ ಇಡಿಸಿಕೊಳ್ಳಿ ಎಂದವರು ವೈದ್ಯರು. ಮೊತ್ತಮೊದಲ ಪ್ರಕರಣದಲ್ಲಿಯೇ ಅಳತೆಯ ಸೂಚನೆ ಹೊತ್ತವಳಿಂದ ಬಂದುದಲ್ಲವೆಂಬುದನ್ನು ಗಮನಿಸಬೇಕು.

ಮುಂದಿನ ಕಥೆಯಲ್ಲಿ ಏರಿಳಿತಗಳಿವೆ. ೧೯೯೨ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ಲಿನ ಇಂಪ್ಲಾಂಟನ್ನು ಇಡುವುದನ್ನು ತಡೆಯಿತು. ೧೯೯೯ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆಯೊಂದರ ತಜ್ಞರ ಸಮಿತಿ ಪರಿಶೀಲನೆ ನಡೆಸಿ, ಮೈಯೆಲ್ಲವನ್ನೂ ವ್ಯಾಪಿಸುವ ರೋಗಗಳಿಗೆ ಇವು ಕಾರಣವೆನ್ನುವುದಕ್ಕೆ ಆಧಾರ ಸಾಲದು, ಆದರೆ ಇಟ್ಟ ಜಾಗದಲ್ಲಿಯೇ ಆಗುವ ತೊಂದರೆಗಳೂ ಅವುಗಳಿಂದ ಮತ್ತೆ ಮತ್ತೆ ಬೇಕಾಗುವ ಶಸ್ತ್ರಚಿಕಿತ್ಸೆಗಳೂ ನಿಜವಾದ ಸಮಸ್ಯೆ ಎಂದಿತು. ೨೦೦೬ರಲ್ಲಿ ತಡೆಯನ್ನು ತೆಗೆದರು. ೨೦೧೦ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪೆನಿ ವೈದ್ಯಕೀಯಕ್ಕೆ ಅನುಮತಿ ಇಲ್ಲದ, ಕಾರ್ಖಾನೆಗಳಲ್ಲಿ ಬಳಸುವ ಸಿಲಿಕೋನನ್ನು ತುಂಬಿ ಮಾರಿದ್ದುದು ಹೊರಬಿತ್ತು. ಆ ದೇಶವೊಂದರಲ್ಲಿಯೇ ಸುಮಾರು ೩೦,೦೦೦ ಹೆಂಗಸರು ಅವನ್ನು ಇಡಿಸಿಕೊಂಡಿದ್ದರು. ೨೦೧೯ರಲ್ಲಿ ಮೇಲ್ಮೈ ಒರಟಾದ ಒಂದು ಬಗೆಯ ಇಂಪ್ಲಾಂಟನ್ನು, ಅದರ ಸುತ್ತ ಅಪರೂಪವಾದ ಒಂದು ಲಿಂಫೋಮ ಹುಟ್ಟುವುದು ಕಂಡುಬಂದುದರಿಂದ, ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ೨೦೨೧ರಲ್ಲಿ ಅಮೆರಿಕದ ಆಡಳಿತವು, ಇವು ಬದುಕಿರುವವರೆಗೂ ಬಾಳುವ ಸಾಧನಗಳಲ್ಲ, ಇಟ್ಟಷ್ಟು ಕಾಲವೂ ತೊಂದರೆಯ ಸಂಭವ ಏರುತ್ತ ಹೋಗುತ್ತದೆ ಎಂಬ ಎಚ್ಚರಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಲೇಬೇಕೆಂದು ವಿಧಿಸಿತು. ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಯ ಸ್ವರೂಪ ಸ್ವಲ್ಪ ಬದಲಾಯಿತು. ಎರಡನೆಯ ಶಸ್ತ್ರಚಿಕಿತ್ಸೆ ಎಂದಾದರೂ ಒಂದು ದಿನ ಬರುವ ಸಂಭವವುಳ್ಳದ್ದೇ. ಅದನ್ನು ನಾನಾಗಿ ಕರೆಯುವುದೋ, ಅದು ತಾನಾಗಿ ಬರುವುದೋ ಎಂಬುದಷ್ಟೇ ಉಳಿದುದು.

ನನ್ನೊಳಗೆ ಇರುವುದು ಯಾವ ಬಗೆಯದು? ಇದನ್ನು ತಿಳಿಯುವುದೇ ಮೊದಲ ಕೆಲಸವಾಯಿತು. ಇಂಪ್ಲಾಂಟ್ ಇಟ್ಟವರಿಗೆ ಅದರ ತಯಾರಕರು, ಕ್ರಮಸಂಖ್ಯೆ, ಅಳತೆ, ಮೇಲ್ಮೈ ಇವುಗಳನ್ನು ನಮೂದಿಸಿದ ಒಂದು ಕಾರ್ಡನ್ನು ಕೊಡಬೇಕು. ನನಗೆ ಕೊಟ್ಟಿರಲಿಲ್ಲ, ಕೇಳಲು ಹೋದರೆ ಆ ಚಿಕಿತ್ಸಾಲಯ ಮುಚ್ಚಿ ವರ್ಷಗಳಾಗಿದ್ದುವು. ಕೊನೆಗೆ ಅದು ಸಿಕ್ಕಿದುದು ನಮ್ಮ ಹಳ್ಳಿಯ ಮನೆಯಲ್ಲಿ, ನಮ್ಮಮ್ಮನ ಟ್ರಂಕಿನಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಾಳೆಯನ್ನು ಆಕೆ ಜಮೀನಿನ ಪಹಣಿಯ ಜೊತೆಯಲ್ಲಿ ಜೋಪಾನ ಮಾಡಿದ್ದಳು. ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಎಲ್ಲವೂ ಇದ್ದಿತು: ಗುಂಡಗಿನದು, ನುಣುಪಾದ ಮೇಲ್ಮೈ, ೩೭೫. ಹಿಂದಕ್ಕೆ ಪಡೆದ ಬಗೆಯದಲ್ಲವೆಂದು ತಿಳಿದು ಒಂದು ಭಯ ಕಳೆಯಿತು. ವಾಚಕರಲ್ಲಿ ಯಾರಿಗಾದರೂ ಉಪಯೋಗವಾಗಲೆಂದು ಹೇಳುತ್ತೇನೆ: ಆ ಚೀಟಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿರಿ. ಚಿಕಿತ್ಸಾಲಯಗಳು ಮುಚ್ಚಬಹುದು, ಮೈ ನಮ್ಮೊಡನೆಯೇ ಇರುತ್ತದೆ.

ಇನ್ನೊಂದು ಭಯ ಒಳಗಿನದು. ಮುಳಬಾಗಿಲಿನ ಬಳಿಯ ಕುರುಡುಮಲೆಗೆ ಹೋದವರಿಗೆ ಅಲ್ಲಿನ ಸೋಮೇಶ್ವರ ದೇವಾಲಯವನ್ನು ತೋರಿಸಿ, ಇದರಲ್ಲಿ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಅವನ ಮಗ ಡಂಕಣನದು ಎಂದು ಊರಿನವರು ಹೇಳುತ್ತಾರೆ. ಆ ತಂದೆಮಕ್ಕಳ ಐತಿಹ್ಯವನ್ನು ಕೇಳದ ಕನ್ನಡಿಗರಿಲ್ಲ. ನೋಡುವುದಕ್ಕೆ ಕೊರತೆಯಿಲ್ಲದ ವಿಗ್ರಹ; ಗಂಧವನ್ನು ಬಳಿದರೆ ಎಲ್ಲೆಡೆಯೂ ಒಣಗಿತು, ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು; ಒಡೆದು ನೋಡಿದರೆ ಒಳಗೆ ನೀರು, ಕಪ್ಪೆ. ಸಿಲಿಕೋನ್ ಇಂಪ್ಲಾಂಟಿನ ಪೊರೆ ಹರಿದರೂ ಹೀಗೆಯೇ ಹೊರಗೆ ಏನೂ ಕಾಣದಿರಬಹುದು. ಜೆಲ್ ದಪ್ಪವಾದುದರಿಂದ ಅಲ್ಲಿಯೇ ನಿಂತಿರುತ್ತದೆ. ನೋವೂ ಇಲ್ಲ, ಆಕಾರವೂ ಕೆಡುವುದಿಲ್ಲ. ಅದಕ್ಕೆ ಗಂಧವೆಂದರೆ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್. ಇಟ್ಟ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಅಮೆರಿಕದ ಆಡಳಿತ ಸಲಹೆ ಕೊಟ್ಟಿದೆ. ನಾನು ಹನ್ನೆರಡನೆಯ ವರ್ಷದಲ್ಲಿ ಮೊದಲು ಮಾಡಿಸಿದೆ. ಎರಡೂ ಕಡೆ ಪೊರೆ ನೆಟ್ಟಗಿದೆ ಎಂದು ವರದಿ ಬಂದಿತು. ಆದುದರಿಂದ ಅವಸರವಿಲ್ಲ, ಯೋಚಿಸುವುದಕ್ಕೆ ಕಾಲವಿದೆ.

ಈ ಸಲ ನಾನು ಸಮಾಲೋಚಿಸಿದ ವೈದ್ಯೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿ ಪಡೆದವರು. ಅವರು ಮೊದಲ ಭೇಟಿಯಲ್ಲಿ ಅರ್ಧ ಗಂಟೆ ನನ್ನಿಂದಲೇ ಮಾತಾಡಿಸಿದರು. ಬಳಿಕ ಕಾಗದದ ಮೇಲೆ ಚಿತ್ರ ಬರೆದು ಹೇಳಿದ ವಿಷಯವನ್ನು ಸಂಗ್ರಹಿಸಿ ಕೊಡುತ್ತೇನೆ.

ಸಿಲಿಕೋನ್ ಜೆಲ್ಲಿನ ತೂಕ ಹೆಚ್ಚುಕಡಮೆ ನೀರಿನಷ್ಟೇ. ೩೭೫ ಸಿ.ಸಿ. ಎಂದರೆ ಸುಮಾರು ೩೬೫ ಗ್ರಾಂ; ಎರಡೂ ಸೇರಿ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಮೆ. ೨೦೦ ಸಿ.ಸಿ.ಗೆ ಇಳಿಸಿದರೆ ಒಟ್ಟು ಸುಮಾರು ೩೪೦ ಗ್ರಾಂ ಕಡಮೆಯಾಗುತ್ತದೆ. ಮನೆಗೆ ಬಂದು ಎರಡು ಪಾತ್ರೆಗಳಲ್ಲಿ ನೀರನ್ನು ಅಳೆದು ಕೈಯಲ್ಲಿ ಹಿಡಿದು ನೋಡಿದೆ. ಅಂಕಿಯಲ್ಲಿ ಕಂಡುದಕ್ಕಿಂತ ಕೈಯಲ್ಲಿ ಕಂಡ ವ್ಯತ್ಯಾಸ ದೊಡ್ಡದಾಗಿದ್ದಿತು. ಆದರೆ ವೈದ್ಯೆ ಒಂದು ಮಾತನ್ನು ಒತ್ತಿ ಹೇಳಿದರು: “ಭಾರ ಇಳಿಯುತ್ತದೆ ಎಂದು ಮಾತು ಕೊಡಬಲ್ಲೆ. ಕುತ್ತಿಗೆಯ ನೋವೂ ಇಳಿಯುತ್ತದೆ ಎಂದು ಮಾತು ಕೊಡಲಾರೆ. ಹದಿನೈದು ವರ್ಷ ಕಪ್ಪು ಹಲಗೆಯ ಮೇಲೆ ಕೈಯೆತ್ತಿ ಬರೆದಿದ್ದೀರಿ, ತಲೆ ಬಗ್ಗಿಸಿ ಉತ್ತರಪತ್ರಿಕೆ ತಿದ್ದಿದ್ದೀರಿ. ನೋವಿನಲ್ಲಿ ಅದರ ಪಾಲು ಎಷ್ಟು, ಇದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.” ಇಷ್ಟು ಪ್ರಾಮಾಣಿಕವಾದ ಮಾತನ್ನು ಕೇಳಿದ ಮೇಲೆ ಅವರಲ್ಲಿ ನನಗೆ ನಂಬಿಕೆ ಹುಟ್ಟಿತು.

ಎರಡನೆಯದಾಗಿ, ಚಿಕ್ಕದನ್ನು ಇಡುವುದು ದೊಡ್ಡದನ್ನು ಇಡುವುದಕ್ಕಿಂತ ಸುಲಭವಾದ ಕೆಲಸವಲ್ಲ. ಹೊರಗಿನ ವಸ್ತು ಒಳಗೆ ಬಂದರೆ ಮೈ ಅದರ ಸುತ್ತ ಗಾಯದ ಅಂಗಾಂಶದಿಂದ ಒಂದು ಗೂಡನ್ನು ಕಟ್ಟುತ್ತದೆ. ಅದು ತೆಳುವಾಗಿದ್ದರೆ ಬಾಧಕವಿಲ್ಲ. ಕೆಲವರಲ್ಲಿ ದಪ್ಪವಾಗಿ ಬಿಗಿದುಕೊಂಡು ಎದೆ ಕಲ್ಲಿನಂತಾಗುತ್ತದೆ. ನನ್ನದು ಹಾಗಾಗಿಲ್ಲ. ಆದರೆ ಆ ಗೂಡು ೩೭೫ರ ಅಳತೆಗೆ ಕಟ್ಟಿದುದು. ಅದರಲ್ಲಿ ೨೦೦ರದನ್ನು ಇಟ್ಟರೆ ಅತ್ತ ಇತ್ತ ಸರಿಯುತ್ತದೆ, ಕೆಳಕ್ಕೆ ಜಾರುತ್ತದೆ. ಆದುದರಿಂದ ಗೂಡನ್ನು ಹೊಲಿದು ಕಿರಿದುಮಾಡಬೇಕು. ಮೇಲಿನ ಚರ್ಮವೂ ಹನ್ನೆರಡು ವರ್ಷ ಹಿಗ್ಗಿದುದು. ಅದು ತಾನಾಗಿ ಎಷ್ಟು ಕುಗ್ಗೀತು ಎಂದು ಮೊದಲೇ ಹೇಳುವುದು ಸಾಧ್ಯವಿಲ್ಲ. ಹೆಚ್ಚು ಜೋತರೆ ಚರ್ಮವನ್ನು ಕತ್ತರಿಸಿ ಎತ್ತಿ ಹೊಲಿಯಬೇಕು. ಆಗ ತೊಟ್ಟಿನ ಸುತ್ತ ಒಂದು ಗಾಯದ ಗೆರೆ, ಅಲ್ಲಿಂದ ಕೆಳಕ್ಕೆ ಒಂದು ಗೆರೆ, ಕೆಲವರಿಗೆ ಮಡಿಕೆಯ ಉದ್ದಕ್ಕೂ ಇನ್ನೊಂದು ಗೆರೆ. ತೊಟ್ಟಿಗೆ ಹೋಗುವ ರಕ್ತದ ಹರಿವು ಕೆಡದಂತೆ ನೋಡಿಕೊಳ್ಳಬೇಕಾದುದರಿಂದ ಕೆಲವು ವೇಳೆ ಇದನ್ನು ಎರಡು ಹಂತದಲ್ಲಿ ಮಾಡುತ್ತಾರೆ. ರಕ್ತ ಕಟ್ಟುವುದು, ನಂಜಾಗುವುದು, ಸ್ಪರ್ಶಜ್ಞಾನ ಕಡಮೆಯಾಗುವುದು, ಎರಡು ಕಡೆಯೂ ಸಮವಾಗದೆ ಹೋಗುವುದು ಇವೆಲ್ಲ ಸಂಭವಗಳು. ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ.

ಏನನ್ನೂ ಇಡದೆ ಬರಿದೇ ತೆಗೆಸುವುದು ಇನ್ನೊಂದು ದಾರಿ. ಮುಂದೆ ಪೊರೆ ಹರಿಯುವ ಚಿಂತೆ ಇಲ್ಲ, ಎಂ.ಆರ್.ಐ.ಯ ಖರ್ಚಿಲ್ಲ. ಆದರೆ ಬರಿದಾದ ಎದೆ ಮೊದಲಿನ ಆಕಾರಕ್ಕೆ ಬರುತ್ತದೆಂಬ ಭರವಸೆಯಿಲ್ಲ, ಚಪ್ಪಟೆಯಾಗಿ ಸಡಿಲವಾಗಬಹುದು. ಬೇಕಾದರೆ ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬನ್ನು ತೆಗೆದು ತುಂಬಬಹುದು. ಅದರಲ್ಲಿ ಒಂದಂಶ ಕರಗಿಹೋಗುತ್ತದೆ. “ಇಪ್ಪತ್ತೊಂಬತ್ತರ ಎದೆ ಈ ಯಾವ ದಾರಿಯಲ್ಲಿಯೂ ಸಿಕ್ಕುವುದಿಲ್ಲ” ಎಂದರು ವೈದ್ಯೆ. ನಾನು ಅದನ್ನು ಕ್ರಮೇಣ ಒಪ್ಪಿಕೊಂಡೆ. ಕುಗ್ಗಿಸುವುದೆಂದರೆ ಹಿಂದಿರುಗಿ ಹೋಗುವುದೆಂದು ಭಾವಿಸಿಕೊಂಡು ಬರುವವರೇ ಹೆಚ್ಚು. ಸಿಕ್ಕುವುದು ಹಿಂದಿನ ಮೈಯೂ ಅಲ್ಲ, ಈಗಿನ ಮೈಯೂ ಅಲ್ಲ, ಮೂರನೆಯದೊಂದು.

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸದಲ್ಲಿ ನೋಡಿ ಬರುತ್ತಾರೆ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ದೇಗುಲ ಅದು. ೧೮೮೭ರಲ್ಲಿ ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಆ ಬಾಲಿಕೆಯರನ್ನು ಕುರಿತು ‘ಅಂತಃಪುರಗೀತೆ’ಯನ್ನು ಬರೆದರು, ಕಲ್ಲಿನ ಹೆಂಗಸರಿಗೆ ಒಂದು ಮನಸ್ಸುಂಟೆಂದು ಬಗೆದು ಹಾಡಿದರು. ಶಿಲ್ಪಿಗೆ ತಾಲಮಾನವೆಂಬ ಶಾಸ್ತ್ರವಿದ್ದಿತು. ಮುಖದ ಉದ್ದವನ್ನು ಮೂಲವಾಗಿಟ್ಟುಕೊಂಡು ಉಳಿದ ಅಂಗಗಳ ಪ್ರಮಾಣವನ್ನು ಅದು ಗೊತ್ತುಮಾಡುತ್ತಿದ್ದಿತು. ಉಳಿಯ ಕೆಲಸದಲ್ಲಿ ಕಳೆಯುವುದು ಸಾಧ್ಯ, ಕೂಡಿಸುವುದು ಅಸಾಧ್ಯ. ಮೈಯ ಕೆಲಸದಲ್ಲಿ ಕೂಡಿಸಿದ ಕುರುಹೇ ಅಳಿಯುವುದಿಲ್ಲ. ಕಳೆಯುವುದೇ ಹೆಚ್ಚು ಕಷ್ಟ.

ಕಾವ್ಯದಲ್ಲಿಯಾದರೂ ಏನಾಗಿದೆ? ಹಳಗನ್ನಡದ ಪಾಠದಲ್ಲಿ ಪೀನಪಯೋಧರೆ, ಕುಂಭಸ್ತನಿ ಮೊದಲಾದ ಶಬ್ದಗಳು ಬಂದರೆ ಹುಡುಗರು ತಲೆ ತಗ್ಗಿಸಿ ನಗುತ್ತಾರೆ. ಹುಡುಗಿಯರು ಪುಸ್ತಕದ ಅಂಚನ್ನು ನೋಡುತ್ತಾರೆ. ನಾನು ಅರ್ಥವನ್ನು ಹೇಳಿ ಬೇಗ ಮುಂದಕ್ಕೆ ಹೋಗುತ್ತಿದ್ದೆ. ಈಗ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕವಿಸಮಯದಲ್ಲಿ ನಾಯಿಕೆ ಎದೆಯ ಭಾರಕ್ಕೆ ಬಾಗುತ್ತಾಳೆ, ಬಳುಕುತ್ತಾಳೆ, ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾಳೆ. ಅವಳಿಗೆ ಹೆಗಲು ನೊಂದಿತೆಂದು ಬರೆದ ಕವಿಯನ್ನು ನಾನು ಓದಿಲ್ಲ. ಇದನ್ನು ಹೇಳಿದ ದಿನ ತರಗತಿಯಲ್ಲಿ ನಗು ಎದ್ದಿತು, ಆದರೆ ಬೇರೆ ಬಗೆಯ ನಗು. ಆ ದಿನ ಹುಡುಗಿಯರೂ ತಲೆಯೆತ್ತಿ ನಕ್ಕರು. ಕವಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೋಡುವವನ ಕಣ್ಣಿಗೆ ಅಲಂಕಾರವಾದುದು ಹೊರುವವಳ ಮೈಗೆ ತೂಕವೂ ಆಗಿರುತ್ತದೆಂಬ ವಿಷಯ ಪಾಠದಲ್ಲಿ ಒಮ್ಮೆಯಾದರೂ ಬರಲೆಂಬುದು ನನ್ನ ಅಪೇಕ್ಷೆ.

ಮನೆಯಲ್ಲಿ ವಿಷಯವನ್ನು ತೆಗೆದಾಗ ನಮ್ಮಮ್ಮ ಖಡಾಖಂಡಿತವಾಗಿ ಬೇಡವೆಂದಳು. “ಒಂದು ಸಲ ಕತ್ತಿ ಆಡಿಸಿಕೊಂಡಿದ್ದು ಸಾಲದೇನಮ್ಮ? ಟಿ.ವಿ.ಯಲ್ಲಿ ನೋಡಲಿಲ್ವಾ ಆ ಹುಡುಗೀನ?” ಎಂದಳು. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೈಯ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ಯುವನಟಿಯೊಬ್ಬಳು ತೀರಿಕೊಂಡ ಸುದ್ದಿ ಅದು. ಅದು ಬೇರೆ ಚಿಕಿತ್ಸೆ ಎಂದು ವಿವರಿಸಿದೆ. ಆಕೆಗೆ ಒಪ್ಪಿಗೆಯಾಗಲಿಲ್ಲ, ಆಗಬೇಕೆಂದೂ ಇಲ್ಲ. ಅರಿವಳಿಕೆ ಕೊಟ್ಟು ಮಾಡುವ ಯಾವ ಶಸ್ತ್ರಚಿಕಿತ್ಸೆಯೂ ಚಿಕ್ಕದಲ್ಲವೆಂಬ ಅವಳ ಮಾತಿನ ತಿರುಳು ಸತ್ಯವೇ. ತೀವ್ರನಿಗಾ ಘಟಕವುಳ್ಳ ಆಸ್ಪತ್ರೆಯಲ್ಲಿ ಹೊರತು ಬೇರೆಲ್ಲಿಯೂ ಮಾಡಿಸಿಕೊಳ್ಳುವುದಿಲ್ಲವೆಂದು ಅಂದು ಅವಳಿಗೆ ಮಾತು ಕೊಟ್ಟೆ. ಬಳಿಕ ನಾನು ನಮ್ಮ ತೋಪಿನ ಉಪಮಾನವನ್ನು ತೆಗೆದೆ. “ಮಾವು ಕಿತ್ತ ಮೇಲೆ ನೀನೇ ನಿಂತು ಕೊಂಬೆ ಸವರಿಸ್ತೀಯಲ್ಲ ಅಮ್ಮ. ಹಾಗಂತ ಗಿಡ ನೆಟ್ಟಿದ್ದು ತಪ್ಪು ಅಂತೀಯಾ?” ಎಂದೆ. ಆಕೆ ತಟ್ಟನೆ, “ಮರಕ್ಕೆ ಹತ್ತು ವರ್ಷದ ಮಗಳಿರಲ್ಲ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನಗಳ ಮೇಲೆ ತಾನಾಗಿಯೇ ಫೋನ್ ಮಾಡಿ, ಮಾಡಿಸಿಕೊಳ್ಳುವುದೇ ಆದರೆ ತೋಪಿನ ಕೆಲಸವಿಲ್ಲದ ತಿಂಗಳಲ್ಲಿ ಮಾಡಿಸಿಕೋ, ಬಂದು ಇರುತ್ತೇನೆ ಎಂದಳು.

ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಎಷ್ಟು ದಿನದ ರಜೆ, ಅಡಿಗೆಗೆ ಯಾರು, ಹಣ ಎಷ್ಟು ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, “ನಾನು ಏನಾದರೂ ಅಂದುಕೊಂಡೇನು ಅಂತ ನೀನು ತಡೆದಿದ್ದರೆ, ತಡೆಯಬೇಡ” ಎಂದರು. ನಾನು ಸ್ವಲ್ಪಮಟ್ಟಿಗೆ ಅದಕ್ಕಾಗಿಯೂ ತಡೆದಿದ್ದೆನೆಂಬುದು ಅವರು ಹೇಳಿದ ಮೇಲೆಯೇ ನನಗೆ ತಿಳಿದುದು. ಮಗಳಿಗೆ ಇನ್ನೂ ಹೇಳಿಲ್ಲ. ಅವಳ ಮೈಯೂ ಇನ್ನು ಎರಡು ಮೂರು ವರ್ಷಗಳಲ್ಲಿ ಬದಲಾಗತೊಡಗುತ್ತದೆ. ಕನ್ನಡಿಯ ಮುಂದೆ ನಿಲ್ಲುವ ಕಾಲ ಬರುತ್ತದೆ. ಅವಳಿಗೆ ಸುಳ್ಳು ಹೇಳಬಾರದು, ಹೆದರಿಸಲೂ ಬಾರದು. ಅಮ್ಮ ಆಗ ಒಂದನ್ನು ಬಯಸಿದಳು, ಈಗ ಒಂದನ್ನು ಬಯಸುತ್ತಾಳೆ, ಎರಡನ್ನೂ ಕೇಳಿ ತಿಳಿದು ಮಾಡಿದಳು ಎಂದು ಹೇಳಬೇಕೆಂದಿದ್ದೇನೆ.

ಹಣದ ಮಾತನ್ನೂ ಹೇಳಬೇಕು. ನಮ್ಮ ದೇಶದ ವಿಮಾ ಪ್ರಾಧಿಕಾರವು ೨೦೧೯ರಲ್ಲಿ ಆರೋಗ್ಯವಿಮೆಗಳಿಗೆ ಒಂದೇ ಮಾದರಿಯ ಹೊರತುಪಡಿಕೆಗಳನ್ನು ಗೊತ್ತುಮಾಡಿತು. ಅವುಗಳ ಪ್ರಕಾರ ರೂಪವನ್ನು ಮಾರ್ಪಡಿಸುವ ಚಿಕಿತ್ಸೆಗೆ ಹಣ ಸಿಕ್ಕುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಇವುಗಳಿಂದ ಕೆಟ್ಟುದನ್ನು ಮತ್ತೆ ಕಟ್ಟುವುದಕ್ಕೆ ಸಿಕ್ಕುತ್ತದೆ. ನನ್ನದು ಯಾವುದಕ್ಕೆ ಸೇರಿತು? ರೂಪಕ್ಕೆ ಎಂದು ವಿಮೆಯವರು ಹೇಳಿಯಾರು. ಹೆಗಲು ಬೇರೆ ಹೇಳುತ್ತದೆ. ೨೦೧೮ರಲ್ಲಿ ತಮಿಳುನಾಡು ಸರ್ಕಾರವು ಚೆನ್ನೈನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಸ್ತನದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುವ ವ್ಯವಸ್ಥೆಯನ್ನು ತಂದಾಗ ದೊಡ್ಡ ಚರ್ಚೆಯೆದ್ದಿತು. ಪ್ರಾಣ ಉಳಿಸುವ ಕೆಲಸ ಬೇಕಾದಷ್ಟಿರುವಾಗ ಇದೇಕೆ ಎಂದವರುಂಟು. ಉಳ್ಳವರಿಗೆ ಸಿಕ್ಕುವುದು ಇಲ್ಲದವರಿಗೇಕೆ ಸಿಕ್ಕಬಾರದು ಎಂದವರೂ ಉಂಟು. ಎರಡು ಪಕ್ಷಕ್ಕೂ ನ್ಯಾಯವಿದೆ. ಆದರೆ ಈ ಚಿಕಿತ್ಸೆ ಬರಿಯ ಹಣವಂತರ ಶೋಕಿಯೆಂಬ ನಂಬಿಕೆಯನ್ನು ಆ ಚರ್ಚೆ ಸ್ವಲ್ಪ ಅಲುಗಿಸಿತು. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಸಲದಂತೆ ಈ ಸಲವೂ ಖರ್ಚು ನನ್ನದೇ. ಮಗಳ ಓದಿಗೆಂದು ಇಟ್ಟ ಹಣವನ್ನು ಮುಟ್ಟದೆ ಒದಗಿಸಬೇಕೆಂಬುದು ನಾನೇ ಹಾಕಿಕೊಂಡ ಕಟ್ಟು.

ಈ ವಿಷಯದಲ್ಲಿ ನನಗೆ ಎರಡು ಬಗೆಯ ಬುದ್ಧಿವಾದಗಳು ಬಂದಿವೆ. ದೇವರು ಕೊಟ್ಟ ಮೈಯನ್ನು ಮುಟ್ಟಬಾರದಾಗಿದ್ದಿತು, ಈಗಲಾದರೂ ಎಲ್ಲವನ್ನೂ ತೆಗೆಸಿ ಮೊದಲಿನಂತಾಗು ಎಂಬುದು ಒಂದು. ಒಮ್ಮೆ ಬಯಸಿ ಮಾಡಿಸಿಕೊಂಡ ಮೇಲೆ ಅನುಭವಿಸು ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಎದುರೆದುರಾಗಿ ಕಂಡರೂ ಬೇರು ಒಂದೇ: ಹೆಂಗಸು ತನ್ನ ಮೈಯ ವಿಷಯದಲ್ಲಿ ಒಂದು ಸಲಕ್ಕಿಂತ ಹೆಚ್ಚು ಯೋಚಿಸಕೂಡದೆಂಬುದು. ಮೊದಲನೆಯವರಿಗೆ ಅದು ಪ್ರಾಯಶ್ಚಿತ್ತವಾಗಬೇಕು, ಎರಡನೆಯವರಿಗೆ ಶಿಕ್ಷೆಯಾಗಬೇಕು. ಕನ್ನಡಕದ ಗಾಜು ಬದಲಾದರೆ ಯಾರೂ ಹಾಗೆನ್ನುವುದಿಲ್ಲ. ಕಣ್ಣು ಬದಲಾಯಿತು, ಗಾಜೂ ಬದಲಾಗಲಿ ಎನ್ನುತ್ತಾರೆ. ಎದೆಯ ವಿಷಯದಲ್ಲಿ ಅಷ್ಟು ನಿರ್ವಿಕಾರವಾಗಿ ಮಾತಾಡುವುದು ನಮಗೆ ಇನ್ನೂ ರೂಢಿಯಾಗಿಲ್ಲ.

ಈಗ ನಾನು ಎಲ್ಲಿಗೆ ಬಂದಿದ್ದೇನೆಂಬುದನ್ನು ಹೇಳಿ ಮುಗಿಸುತ್ತೇನೆ. ಪೊರೆ ನೆಟ್ಟಗಿರುವುದರಿಂದ ಮುಂದಿನ ದಸರೆಯ ರಜೆಯವರೆಗೆ ಕಾಯಬಹುದೆಂದು ವೈದ್ಯೆ ಹೇಳಿದ್ದಾರೆ. ಅಲ್ಲಿಯವರೆಗೆ ಕುತ್ತಿಗೆಗೂ ಬೆನ್ನಿಗೂ ವ್ಯಾಯಾಮ ಮಾಡಿ ನೋವಿನಲ್ಲಿ ಎಷ್ಟು ಉಳಿಯುತ್ತದೆಂದು ನೋಡುತ್ತೇನೆ. ಆಮೇಲೂ ಮನಸ್ಸು ಹೀಗೆಯೇ ಇದ್ದರೆ ಚಿಕ್ಕದನ್ನು ಇಡಿಸಿಕೊಳ್ಳುವ ದಾರಿಯೇ ನನಗೆ ಒಪ್ಪಿಗೆಯಾಗಿದೆ. ಚರ್ಮವನ್ನು ಎತ್ತಿ ಹೊಲಿಯುವುದನ್ನು ಈಗಲೇ ಬೇಡವೆಂದಿದ್ದೇನೆ. ಆರು ತಿಂಗಳಲ್ಲಿ ಚರ್ಮ ತಾನಾಗಿ ಎಷ್ಟು ಕುಗ್ಗುತ್ತದೋ ಕಂಡು ಬಳಿಕ ಯೋಚಿಸುವುದು. ಸ್ವಲ್ಪ ಜೋತರೂ ನನಗೆ ಚಿಂತೆಯಿಲ್ಲ. ಇದು ಕೊನೆಯ ಶಸ್ತ್ರಚಿಕಿತ್ಸೆಯಾಗುತ್ತದೆಂದು ಯಾರೂ ಹೇಳಿಲ್ಲ, ನಾನೂ ನಂಬಿಲ್ಲ.

ಒಪ್ಪಿಗೆಯ ಪತ್ರದ ನಕಲೊಂದನ್ನು ಮೊದಲೇ ಕೇಳಿ ತಂದಿದ್ದೇನೆ. ಆರು ಪುಟ, ಎಲ್ಲವೂ ಇಂಗ್ಲಿಷಿನಲ್ಲಿದೆ. ಶಸ್ತ್ರಚಿಕಿತ್ಸೆಯ ಮಧ್ಯದಲ್ಲಿ ತಮಗೆ ಸರಿಕಂಡಂತೆ ಅಳತೆಯನ್ನು ಬದಲಿಸುವ ಸ್ವಾತಂತ್ರ್ಯ ವೈದ್ಯರಿಗಿದೆ ಎಂಬ ವಾಕ್ಯ ನಾಲ್ಕನೆಯ ಪುಟದಲ್ಲಿದೆ. ಅದರ ಕೆಳಗೆ ಒಂದು ಸಾಲನ್ನು ಕನ್ನಡದಲ್ಲಿ ನನ್ನ ಕೈಯಿಂದ ಬರೆಯಬಹುದೇ ಎಂದು ವೈದ್ಯೆಯನ್ನು ಕೇಳಿದೆ. ಅವರು ಧಾರಾಳವಾಗಿ ಬರೆಯಿರಿ, ನಾನೂ ಅದರ ಪಕ್ಕದಲ್ಲಿ ರುಜು ಹಾಕುತ್ತೇನೆ ಎಂದರು. ಬರೆದಿದ್ದೇನೆ: “೨೦೦ ಸಿ.ಸಿ.ಗಿಂತ ದೊಡ್ಡದನ್ನು ಯಾವ ಕಾರಣಕ್ಕೂ ಇಡಕೂಡದು; ಚಿಕ್ಕದು ಸಾಕೆಂದು ಕಂಡರೆ ಚಿಕ್ಕದನ್ನೇ ಇಡಬಹುದು.” ತಾರೀಕಿನ ಜಾಗವನ್ನು ದಸರೆಗಾಗಿ ಖಾಲಿ ಬಿಟ್ಟಿದ್ದೇನೆ.